ಹೂದಾನಿಯಲ್ಲಿ ಪಿಂಗಾರ

ಚಹಾದ ಟ್ರೇ ಹಿಡಿದು ಬಂದ ಕ್ಯಾಂಟೀನಿನ ಶೇಖರಣ್ಣ ನಮ್ಮ ಅಂಧೇರಿ ಆಫೀಸಿನ ರಿಸೆಪ್ಶನ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತರು. ಕಣ್ಣು ನನ್ನ ಹೂದಾನಿಯ ಮೇಲಿತ್ತು.

ಆಫೀಸಿನಲ್ಲಿ ನನ್ನ ಮಾತು ಕಡಿಮೆ. ಸೋಮವಾರದ ಹೂ ಜೋಡಿಸುವ ಕೆಲಸವನ್ನು ಮಾತ್ರ ನಾನೇ ಕೇಳಿ ಪಡೆದಿದ್ದೆ. ಅಂದು ಕೆಂಪು ಜರ್ಬೆರಾಗಳ ನಡುವೆ, ಮಾಟುಂಗದ ಅಂಗಡಿಯಲ್ಲಿ ಕಂಡ ಅಡಿಕೆಯ ಹೂಗೊನೆಯೊಂದನ್ನು ಇಳಿಬಿಟ್ಟಿದ್ದೆ. ನನ್ನ ಜೋಡಣೆ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ.

“ಇದು ಪಿಂಗಾರ ಅಲ್ವಾ ಮೇಡಂ! ನಮ್ಮಲ್ಲಿ ನಾಗನಿಗೆ, ದೈವಕ್ಕೆ ಇಡುದು. ಇದರ ಎದುರು ಚಪ್ಪಲಿ ಹಾಕಿ ಚಾ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ.”

ಉಡುಪಿ ಕಡೆಯ ಅವರಿಗೆ ಗೊತ್ತಿದ್ದದ್ದು ಧಾರವಾಡದ ಮನೆಯ ನನಗೆ ಗೊತ್ತಿರಲಿಲ್ಲ. ಮುಖ ಬಿಸಿಯಾಯಿತು. ಗೊನೆಯನ್ನು ಮೆಲ್ಲಗೆ ತೆಗೆದು ಅವರ ಕೈಗಿತ್ತೆ. ಕ್ಯಾಂಟೀನಿನ ದೇವರ ಪಟಕ್ಕೆ ಇಡುತ್ತೇನೆಂದು ಕಣ್ಣಿಗೊತ್ತಿಕೊಂಡು ಹೋದರು. ಹೂದಾನಿಯ ನಡುವೆ ದೊಡ್ಡ ಖಾಲಿ ಜಾಗ ಉಳಿಯಿತು. ಹೊರದೇಶದ ಅತಿಥಿಗಳು ಬರಲು ಅರ್ಧ ಗಂಟೆಯಷ್ಟೇ ಇತ್ತು.

ಐದು ನಿಮಿಷದಲ್ಲಿ ಶೇಖರಣ್ಣ ಮತ್ತೆ ಓಡಿ ಬಂದರು. ಕೈಯಲ್ಲಿ ಅಂದಿನ ಸಾಂಬಾರಿಗೆಂದು ತಂದಿದ್ದ ನುಗ್ಗೆಕಾಯಿಗಳು.

“ಇದಕ್ಕೆ ಯಾವ ದೈವವೂ ಇಲ್ಲ ಮೇಡಂ. ಬಿಂದಾಸ್ ಚುಚ್ಚಿ!”

ಚುಚ್ಚಿದೆ. ಉದ್ದನೆಯ ಹಸಿರು ಕಾಯಿಗಳು ಜರ್ಬೆರಾಗಳ ಮೇಲೆ ಬಳುಕಿ ನಿಂತವು. ಅತಿಥಿಗಳಲ್ಲೊಬ್ಬರು ಫೋಟೊ ತೆಗೆದು, ಇದು ಯಾವ ಹೂವೆಂದು ಕೇಳಿದರು. ಬಾಗಿಲ ಬಳಿ ಶೇಖರಣ್ಣನ ಟ್ರೇ ನಗುವಿಗೆ ಗಡಗಡ ಅಲುಗಾಡಿತು. ಆಫೀಸಿನಲ್ಲಿ ನಾನು ಜೋರಾಗಿ ನಕ್ಕಿದ್ದು ಅಂದೇ ಮೊದಲು.

ಯಾರಿಗೂ ಸುಮ್ಮನೆ ಫೋನ್ ಮಾಡುವವಳಲ್ಲ ನಾನು. ಈಗ ಪ್ರತಿ ಭಾನುವಾರ ಹೂ ಕೊಳ್ಳುವ ಮೊದಲು ಶೇಖರಣ್ಣನಿಗೆ ಫೋನ್ ಮಾಡಿ, ನಾಳೆ ಯಾವ ಸಾಂಬಾರು ಎಂದು ಕೇಳುತ್ತೇನೆ.