ಟೇಪಿನ ಆಚೆ ತುದಿ

ಅಳೆಯದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ. ಅಪರಾಧ ನಡೆದ ಜಾಗದ ನಕ್ಷೆ ಬರೆಯುವುದೇ ನನ್ನ ಕೆಲಸ. ಪ್ರತಿ ಜಾಗಕ್ಕೂ ಡೈರಿಯಲ್ಲಿ ಒಂದು ಕ್ರಮಸಂಖ್ಯೆ, ಸಮಯ, ಹವೆ ಬರೆದಿಡುತ್ತೇನೆ. ಇದು ಮೂವತ್ತೊಂದನೆಯದು. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ... ಆದರೆ ಆ ಪುಟ ಬರೆದದ್ದು ಆ ರಾತ್ರಿಯೇ. 

ಜಡಿಮಳೆಯ ಆಟಿ ತಿಂಗಳ ಒಂದು ಗುರುವಾರ. ಮಣ್ಣಗುಡ್ಡದ ಒಂದು ಒಳರಸ್ತೆಗೆ ನಾವು ತಲುಪಿದ್ದು ರಾತ್ರಿ ಏಳು ನಲವತ್ತಕ್ಕೆ. ಮಧ್ಯಾಹ್ನದಿಂದ ಮಳೆ ಬಿಟ್ಟಿತ್ತು. ಕರೆಂಟ್ ಇರಲಿಲ್ಲ.

ಅಲ್ಲಿನ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಲೇಡೀಸ್ ಟೈಲರ್ ಅಂಗಡಿ. ನಡೆಸುತ್ತಿದ್ದವರು ಶಶಿಕಲಕ್ಕ, ಐವತ್ತರ ಆಸುಪಾಸು. ಸಂಜೆ ಹಿಂಬದಿಯ ಬಾಲ್ಕನಿಯಿಂದ ಕೆಳಗಿನ ಸಿಮೆಂಟು ಅಂಗಳಕ್ಕೆ ಬಿದ್ದಿದ್ದರು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ಆಗ ಮೇಲೆ ಇದ್ದದ್ದು ಅವರ ಬಳಿ ಹೊಲಿಯುತ್ತಿದ್ದ ಉಳ್ಳಾಲದ ನಳಿನಿ ಒಬ್ಬಳೇ. ಬೆಳಿಗ್ಗೆ ಇಬ್ಬರಿಗೂ ಜೋರು ಜಗಳವಾಗಿತ್ತು. ಮದುವೆಯ ರವಿಕೆಯೊಂದನ್ನು ನಳಿನಿ ಒಂದಿಂಚು ತಪ್ಪಿ ಕತ್ತರಿಸಿದ್ದಳು. ಒಣಹಾಕಿದ ಲೈನಿಂಗ್ ಬಟ್ಟೆ ತೆಗೆಯಲು ಬಗ್ಗಿದಾಗ ಅಕ್ಕನ ಕಾಲು ಜಾರಿತು ಎನ್ನುವುದು ಅವಳ ಮಾತು. ಯಾರೂ ನಂಬಿರಲಿಲ್ಲ. ಅವಳನ್ನು ಠಾಣೆಯಲ್ಲಿ ಕೂರಿಸಿದ್ದರು.

ಹಿಂಬದಿಯ ಅಂಗಳದಲ್ಲಿ ನನ್ನ ಹಿರಿಯರಾದ ಸದಾನಂದ ಸರ್ ಗೋಡೆಯಿಂದ ರಕ್ತದ ಕಲೆಯವರೆಗೆ ಟಾರ್ಚು ಹಾಯಿಸಿದರು. "ಜಾರಿ ಬಿದ್ದವರು ಗೋಡೆಯ ಹತ್ತಿರವೇ ಬೀಳ್ತಾರೆ. ದೂಡಿದ್ರೆ ದೂರ ಹೋಗ್ತಾರೆ. ಆ ಹುಡುಗಿಯ ಜೀವ ಈ ಒಂದು ಅಳತೆಯಲ್ಲಿ ಉಂಟು. ಸರಿ ಹಿಡಿ."

"ಎಂತ ಹಿಡಿಯುದು ಸರ್, ಈ ಟೇಪಿಗೆ ತಲೆಯೇ ಇಲ್ಲ."

"ನನ್ನ ತಲೆಯಲ್ಲಿ ಕೂದಲಿಲ್ಲ. ಕೆಲಸ ಮಾಡ್ತಾ ಇಲ್ವಾ?"

ನಮ್ಮ ಟೇಪಿನ ಮೊದಲ ತುಂಡು ಹರಿದುಹೋಗಿತ್ತು. ಹಾಗಾಗಿ ಒಂದು ಮೀಟರಿನ ಗೆರೆಯನ್ನು ಗೋಡೆಗೆ ಇಟ್ಟು ಅಳೆಯುತ್ತಿದ್ದೆವು. ಈಚೆ ಬದಿಯವರು ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು. ಆಚೆ ತುದಿ ಹಿಡಿದವರು ಒಂದು ಮೀಟರ್ ಕಳೆದು ತಿರುಗಿ ಹೇಳಬೇಕು. ಆಮೇಲೆಯೇ ಬರೆಯುವುದು.

ಅಷ್ಟರಲ್ಲಿ ಹನಿ ಬೀಳತೊಡಗಿತು.

"ಕಲೆ ತೊಳೆದು ಹೋಗ್ತದೆ! ಜೀಪಿಂದ ಟಾರ್ಪಲ್ ತರ್ತೇನೆ," ಎಂದು ಸರ್ ಓಡಿದರು.

ನನಗೆ ಕಾಯುವ ಧೈರ್ಯವಾಗಲಿಲ್ಲ. ಟೇಪಿನ ಒಂದು ಮೀಟರಿನ ಗೆರೆಯನ್ನು ಗೋಡೆಯ ಬುಡದಲ್ಲಿ ಇಟ್ಟಿಗೆಯ ಕೆಳಗೆ ಒತ್ತಿಟ್ಟು, ಕಲೆಯ ಬಳಿ ಕುಳಿತು, ಅಭ್ಯಾಸಬಲದಿಂದ ಕೂಗಿದೆ.

"ಎರಡು ಮೀಟರ್ ಇಪ್ಪತ್ತು!"

"ಒಂದು ಇಪ್ಪತ್ತು."

ಹೆಂಗಸಿನ ಸ್ವರ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಾತಾಡಿದ ಹಾಗೆ... ಗೇಟಿನಲ್ಲಿದ್ದ ಕಾನ್‌ಸ್ಟೇಬಲ್ ಪ್ರಮೀಳಕ್ಕ ಬಂದಿರಬೇಕು ಎಂದುಕೊಂಡೆ. ತಲೆ ಎತ್ತದೆ, ಅವಸರದಲ್ಲಿ, 2.20 ಎಂದೇ ಬರೆದೆ. ಇಷ್ಟು ದೂರವೆಂದರೆ ದೂಡಿದ್ದೇ ಇರಬೇಕು ಎಂದೂ ಅನಿಸಿತು.

ಆಚೆ ತುದಿಯಿಂದ ಯಾರೋ ಟೇಪನ್ನು ಎಳೆದಂತಾಯಿತು. ಒಮ್ಮೆ... ಇನ್ನೊಮ್ಮೆ. ಮೆಲ್ಲಗೆ.

"ಎಳೀಬೇಡಿ ಪ್ರಮೀಳಕ್ಕ."

 ಮಳೆಯ ವಾಸನೆಯ ನಡುವೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಟಾರ್ಚು ಎತ್ತಿದೆ.

ಟೇಪು ನೆಲದ ಮೇಲಿರಲಿಲ್ಲ.

ನನ್ನ ಕೈಯಿಂದ ಗೋಡೆಯ ಕಡೆಗೆ, ಸೊಂಟದ ಎತ್ತರಕ್ಕೆ, ಬಿಗಿಯಾಗಿ ಏರಿತ್ತು. ತುದಿ ಮಾತ್ರ ಮಡಚಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಸಿಕ್ಕಿದಂತೆ. ಇಟ್ಟಿಗೆ ಇಟ್ಟಲ್ಲೇ ಇತ್ತು. ಅಲ್ಲಿ ಯಾರೂ ಇರಲಿಲ್ಲ...

ಎಷ್ಟು ಹೊತ್ತು ಹಾಗಿತ್ತೋ ಬರೆದಿಟ್ಟಿಲ್ಲ. ಆಮೇಲೆ ಅದು ಪಟ್ಟನೆ ನೆಲಕ್ಕೆ ಬಿತ್ತು.

ಟಾರ್ಪಲ್ ಹೊತ್ತು ಬಂದ ಸರ್ ನನ್ನ ಪುಸ್ತಕಕ್ಕೆ ಬೆಳಕು ಹಿಡಿದರು. "ಎರಡು ಇಪ್ಪತ್ತಾ? ಒಂದು ಮೀಟರ್ ಕಳೆದದ್ದು ಎಲ್ಲಿ ಮಾರಾಯ್ತಿ? ಆ ಹುಡುಗಿಯನ್ನು ಜೈಲಿಗೆ ಕಳಿಸ್ತಿಯಾ?"

ಅವರೇ ತುದಿ ಹಿಡಿದು ಮತ್ತೆ ಅಳೆಸಿದರು. ಒಂದು ಇಪ್ಪತ್ತು.

ಹೊರಡುವಾಗ ಪ್ರಮೀಳಕ್ಕನನ್ನು ಕೇಳಿದೆ. "ನಾನು ಗೇಟು ಬಿಟ್ಟು ಅಲ್ಲಾಡ್ಲೇ ಇಲ್ಲ ಮೇಡಂ," ಎಂದರು. "ಸರ್ ಜೀಪಿನ ಹತ್ತಿರ ಇದ್ರು. ಒಳಗೆ ಇಬ್ಬರು ಹೆಂಗಸರು ಅಳತೆ ಹೇಳ್ತಾ ಇದ್ದದ್ದು ಕೇಳಿತು. ನಿಮ್ಮ ಜೊತೆ ಇನ್ನೊಬ್ಬ ಮೇಡಂ ಬಂದಿದ್ದಾರೆ ಅಂತ ಗ್ರಹಿಸಿದೆ."

ಬಾಲ್ಕನಿಯ ಅಂಚಿನಲ್ಲಿ ಚಪ್ಪಲಿ ಜಾರಿದ ಗುರುತೂ ಸಿಕ್ಕಿತು. ಮೂರನೇ ದಿನ ನಳಿನಿಯನ್ನು ಮನೆಗೆ ಕಳಿಸಿದರು.

ತಿಂಗಳ ನಂತರ ಯಾವುದೋ ಕಾಗದಕ್ಕೆ ಸಹಿ ಹಾಕಲು ಅವಳು ನಮ್ಮ ಕಚೇರಿಗೆ ಬಂದಿದ್ದಳು. ಮೇಜಿನ ಮೇಲಿದ್ದ ಟೇಪನ್ನೇ ನೋಡುತ್ತಾ ಅಂದಳು: "ಅಕ್ಕ ಅಳತೆ ಕೂಗುದು, ನಾನು ಬರೆಯುದು. ನಾನು ತಪ್ಪು ಬರೆದ್ರೆ ಬೈಯುವ ಮೊದಲು ಟೇಪನ್ನು ಎರಡು ಸಲ ಎಳೀತಿದ್ರು. ಆ ಮದುವೆ ರವಿಕೆಯ ಅಳತೆಗೂ ಎಳೆದಿದ್ರು... ನಾನೇ ನೋಡ್ಲಿಲ್ಲ."

ಟೇಪು ಎಳೆದ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಕ್ಷೆಯ ಕೆಳಗೆ ಅಳತೆ ಹಿಡಿದವರ ಹೆಸರು ಬರೆಯಬೇಕು. ಕಚೇರಿಯ ಪ್ರತಿಯಲ್ಲಿ ಸದಾನಂದ ಸರ್ ಹೆಸರಿದೆ. ನನ್ನ ಡೈರಿಯಲ್ಲಿ ಆ ಜಾಗ ಇನ್ನೂ ಖಾಲಿ.

ಈಗ ಹೊಸ ಟೇಪು ಬಂದಿದೆ, ಏನನ್ನೂ ಕಳೆಯಬೇಕಾಗಿಲ್ಲ. ಕಳೆದ ವಾರ ವಾಮಂಜೂರಿನಲ್ಲಿ, ನಲವತ್ತನಾಲ್ಕನೆಯ ಜಾಗದಲ್ಲಿ, ಒಬ್ಬಳೇ ಇದ್ದಾಗ ಮರೆತು ಅಂಕಿಯನ್ನು ಕೂಗಿಬಿಟ್ಟೆ. ಯಾರೂ ಉತ್ತರಿಸಲಿಲ್ಲ. ಆದರೂ ಬರೆಯುವ ಮೊದಲು ಟೇಪನ್ನು ಬೆರಳಲ್ಲಿ ಹಿಡಿದು, ಆಚೆ ತುದಿಯತ್ತ ಕಣ್ಣೆತ್ತದೆ, ಸ್ವಲ್ಪ ಹೊತ್ತು ಕಾದೆ...