ಸೆರಗಿನ ಗಂಟಿನಲ್ಲಿದ್ದ ರೋಟರ್

ಶ್ರೀ ವೈಜನಾಥ ಅವರಿಗೆ,

ಮಾನ್ಯರೇ,

ನಮ್ಮ ಮನೆಯ ಅಂಗಳದಲ್ಲಿದ್ದ ಹಳೆಯ ನೀಲಿ ಪಿಕಪ್ ಗಾಡಿಯ ರೋಟರನ್ನು ಕದ್ದವರು ತಾವಲ್ಲ. ಅದನ್ನು ತೆಗೆದವಳು ನಾನು. ತೆಗೆದದ್ದನ್ನು ಇಷ್ಟು ವರ್ಷ ಮುಚ್ಚಿಟ್ಟವಳೂ ನಾನೇ.

ನನ್ನದೆನ್ನುವ ಒಂದು ಪತ್ರವನ್ನೂ ನಾನು ಇದುವರೆಗೆ ಬರೆದವಳಲ್ಲ. ಯಜಮಾನರು ನಾಚಾರಂ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದಾಗ ಅವರ ಮನವಿಪತ್ರಗಳನ್ನು ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ಬರೆಯುವ ಕ್ರಮ ನನಗೆ ಗೊತ್ತಿರುವುದು ಅಷ್ಟೇ. ಅಂಥ ಪತ್ರಗಳ ಕೊನೆಗೆ 'ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ' ಎಂದು ಬರೆಯುವುದು ವಾಡಿಕೆ. ಇಲ್ಲಿ ಆ ವಾಕ್ಯವನ್ನು ಬರೆಯುವ ಅಧಿಕಾರ ನನಗಿಲ್ಲ.

ಈಗ ಬರೆಯಲು ಕಾರಣವನ್ನು ಮೊದಲು ನಿವೇದಿಸುತ್ತೇನೆ. ಕಳೆದ ತಿಂಗಳು ಸಂಘದ ವಾರ್ಷಿಕ ಸಭೆಯಲ್ಲಿ ಯಜಮಾನರು ಮೈಕ್ ಹಿಡಿದು, ಗಾಡಿಯನ್ನು ಮನೆಯಲ್ಲೇ ರಿಪೇರಿ ಮಾಡಿದ ಕಥೆಯನ್ನು ಮತ್ತೊಮ್ಮೆ ಹೇಳಿದರು. ಕಥೆಯ ನಡುವೆ, ಎಂದಿನಂತೆ, ತಮ್ಮ ಹೆಸರು ಬಂತು. "ಜೊತಿಗೆ ಕುಂತು ಉಂಡ ಮನಷ್ಯಾ, ರೋಟರ್ ಉಡಾಯಿಸಿಕೊಂಡು ಹೋದ" ಎಂದರು. ಸಭೆ ನಕ್ಕಿತು. ಒಬ್ಬರು ಹಿಂದಿನಿಂದ 'ರೋಟರ್ ವೈಜನಾಥ' ಎಂದು ಕೂಗಿದರು. ಮುಂದಿನ ಸಾಲಿನಲ್ಲಿದ್ದ ನಾನೂ ನಕ್ಕೆ. ಮನೆಗೆ ಬಂದು ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ಉಗುಳಬೇಕೆನಿಸಿತು.

ವಿಷಯಕ್ಕೆ ಬರುತ್ತೇನೆ.

ಸದರಿ ಗಾಡಿಯನ್ನು ಪಟಾನ್‌ಚೆರು ಕಡೆಯ ಗುಜರಿಯಿಂದ ಎಳೆಸಿ ತಂದ ದಿನ, ಅದಕ್ಕೆ ಜಾಗ ಮಾಡಲು ಅಂಗಳದ ನನ್ನ ತಗಡಿನ ಚಪ್ಪರವನ್ನು ಕೀಳಿಸಲಾಯಿತು. ಆ ಚಪ್ಪರದಡಿ ನನ್ನ ಒಲೆಗಳಿದ್ದವು. ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ, ಕಲಬುರಗಿ ಕಡೆಯವರು ಸಂಜೆ ಬಂದು ನನ್ನ ಕೈಯ ಜೋಳದ ರೊಟ್ಟಿ ಒಯ್ಯುತ್ತಿದ್ದರು. ಈ ತೆಲುಗು ಊರಿನಲ್ಲಿ ನನ್ನ ಹೆಸರಿಗೆ ಇದ್ದದ್ದು ಅದೊಂದೇ. "ಒಂದ್ ತಿಂಗಳ ಮಟ್ಟಿಗೆ ಅಷ್ಟ" ಎಂದಿದ್ದರು ಯಜಮಾನರು. ಮೂರು ವರ್ಷ ಕಳೆಯಿತು. ಒಲೆಯ ಕಲ್ಲುಗಳು ಗಾಡಿಯ ಹೊಟ್ಟೆಯ ಕೆಳಗೆ ಎಣ್ಣೆ ಕುಡಿಯುತ್ತ ಬಿದ್ದಿದ್ದವು. ರೊಟ್ಟಿಗೆ ಬರುತ್ತಿದ್ದವರು ಬೇರೆ ಮನೆ ಹುಡುಕಿಕೊಂಡರು. ನನ್ನನ್ನು ಒಂದು ಮಾತು ಕೇಳಿದ್ದರೆ — ಇರಲಿ. ಕೇಳಲಿಲ್ಲ.

ಆ ಮೂರು ವರ್ಷವೂ ಟಾರ್ಚ್ ಹಿಡಿದವಳು ನಾನು. ನಾಚಾರಂನ ಲೇಥ್ ಕೆಲಸ ಮುಗಿಸಿ ತಾವು ಗಾಡಿಯ ರಿಪೇರಿಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಆರು ವೋಲ್ಟಿನ ಹಳೆಯ ವೈರುಗಳನ್ನು ಕಿತ್ತು ಹನ್ನೆರಡು ವೋಲ್ಟಿನವನ್ನು ಎಳೆದಾಗ, ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಕೂರಿಸಿದಾಗ, ಬೇವಿನ ಕೊಂಬೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ ಇಳಿಸಿದಾಗ — ಬೆಳಕು ನನ್ನ ಕೈಯಲ್ಲಿತ್ತು. ಯಾವ ಬೋಲ್ಟಿಗೆ ಯಾವ ಪಾನಾ ಎಂಬುದು ತಿಳಿದುಹೋಗಿತ್ತು. ಕೇಳುವ ಮೊದಲೇ ಎತ್ತಿಕೊಡುತ್ತಿದ್ದೆ. ಅದನ್ನು ಗಮನಿಸಿದವರು ತಾವೊಬ್ಬರೇ. "ವೈನಿ ಮಿಸ್ತ್ರಿ ಆಗ್ಯಾರ ನೋಡ್ರಿ" ಎಂದು ತಾವು ನಕ್ಕರೆ ಯಜಮಾನರು, "ಮೊದ್ಲ ಟಾರ್ಚ್ ನೆಟ್ಟಗ ಹಿಡಿಯಾಕ ಹೇಳು" ಎನ್ನುತ್ತಿದ್ದರು.

ಆ ಗಾಡಿಗೆ ಹೊಂದುವ ರೋಟರ್ ಎಲ್ಲೂ ಸಿಗದೆ ಕೆಲಸ ನಿಂತಿತ್ತು. ಎಷ್ಟೋ ಗುಜರಿ ಅಂಗಡಿ ತಿರುಗಿ ಅದನ್ನು ಹುಡುಕಿ ತಂದವರೂ ತಾವೇ. ಹೆಬ್ಬೆರಳಿನಷ್ಟು ಕಪ್ಪು ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆಯ ನಾಲಿಗೆ. ಅದು ತಿರುಗುತ್ತ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕಿಡಿ ಹಂಚುತ್ತದೆಂದು ವಿವರಿಸಿ, "ಇದೊಂದು ತಗದು ಕಿಸೆದಾಗ ಇಟ್ಕೊಂಡ್ರ ಯಾವ ಕಳ್ಳಗೂ ಗಾಡಿ ಒಯ್ಯಾಕ ಆಗಂಗಿಲ್ರಿ" ಎಂದಿರಿ. ತಾವು ಹೇಳಿದ್ದು ಯಜಮಾನರಿಗೆ. ಕಲಿತವಳು ನಾನು.

ಮರುದಿನ ಭಾನುವಾರ ಪೂಜೆ ಮಾಡಿ ಗಾಡಿ ಚಾಲೂ ಮಾಡುವುದೆಂದು ನಿಶ್ಚಯವಾಗಿತ್ತು. ಶನಿವಾರ ಸಂಜೆ ತಾವು ರೋಟರ್ ಕೂರಿಸಿ, ಮುಚ್ಚಳ ಹಾಕಿ, ಎರಡೂ ಕ್ಲಿಪ್ ಒತ್ತಿ ಹೊರಟಿರಿ. ತಾವು ಹೋದ ಮೇಲೆ ಗೇಟಿನ ಬಳಿ ಒಬ್ಬ ತೆಲುಗು ಮೇಸ್ತ್ರಿ ಟೇಪು ಹಿಡಿದು ಬಂದ. ನನ್ನನ್ನು ನೋಡಿ, "ಅಮ್ಮಾ, ಪೊಯ್ಯಿ ರಾಳ್ಳು ತೀಸೇಯಮನ್ನಾರು ಸಾರ್" ಎಂದ. ಸಾಹೇಬರು ಒಲೆಯ ಕಲ್ಲು ತೆಗೆಸಲು ಹೇಳಿದ್ದಾರಂತೆ. ಆ ಜಾಗದಲ್ಲಿ ಗಾಡಿಗೆ ಇಟ್ಟಿಗೆಯ ಗ್ಯಾರೇಜು ಏಳಲಿತ್ತು, ಶಾಶ್ವತವಾಗಿ. ಈ ತೀರ್ಮಾನ ಊರಿಗೆಲ್ಲ ತಿಳಿದಿತ್ತು. ಒಲೆಯ ಒಡತಿಗೆ ತಿಳಿಸಿದವನು ಪರಭಾಷೆಯ ಮೇಸ್ತ್ರಿ!

ಬಾನೆಟ್ ಎತ್ತಿದೆ. ಕ್ಲಿಪ್ ಬಿಚ್ಚಿ, ಮುಚ್ಚಳ ಸರಿಸಿ, ರೋಟರನ್ನು ಮೇಲಕ್ಕೆಳೆದೆ. ಮತ್ತೆ ಮುಚ್ಚಿದೆ. ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ಇಡೀ ಬಡಾವಣೆಯ ಎದುರು ಯಜಮಾನರು ಒಂದು ದಿನ, ಒಂದೇ ದಿನ, ಕೈ ಚೆಲ್ಲಿ ನಿಲ್ಲಬೇಕು — ನನ್ನ ಉದ್ದೇಶ ಇಷ್ಟೇ ಆಗಿತ್ತು. ಸಂಜೆಗೆ ಮರಳಿ ಕೂರಿಸುವವಳಿದ್ದೆ. ಇದು ಸಮರ್ಥನೆಯಲ್ಲ. ನಡೆದದ್ದನ್ನು ನಡೆದಂತೆ ದಾಖಲಿಸುತ್ತಿದ್ದೇನೆ.

ಮರುದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಸಂಘದವರೆಲ್ಲ ಸೇರಿದ್ದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಯಜಮಾನರು ಕೀಲಿ ತಿರುಗಿಸಿದರು. ಎಂಜಿನ್ ನರಳಿತು, ಹತ್ತಲಿಲ್ಲ. ಮತ್ತೆ ಮತ್ತೆ ತಿರುಗಿಸಿದರು. ಯಾರೋ ಕಿಸಕ್ಕೆಂದರು. ನನಗೆ ಸಂತೋಷವಾಯಿತು — ಹೌದು, ಇದನ್ನೂ ಬರೆಯುತ್ತೇನೆ, ಸಂತೋಷವಾಯಿತು. ಆಮೇಲೆ ಯಜಮಾನರು ಮುಚ್ಚಳ ಬಿಚ್ಚಿ ನೋಡಿದರು, ತಲೆಯೆತ್ತಿ ಪಕ್ಕದಲ್ಲೇ ನಿಂತಿದ್ದ ತಮ್ಮತ್ತ ನೋಡಿದರು. ಬೇಗಂಪೇಟೆಯಲ್ಲಿ ಇಂಥದೇ ಇನ್ನೊಂದು ಪಿಕಪ್ ಇತ್ತು. ಅದನ್ನೂ ತಾವು ರಿಪೇರಿ ಮಾಡುತ್ತಿದ್ದಿರಿ. ಅದು ಅದೇ ವಾರ ರಸ್ತೆಗೆ ಇಳಿದಿತ್ತು.

"ಬೇಗಂಪೇಟಿ ಗಾಡಿಗೆ ಹಾಕಿ ಬಂದ್ಯೇನಪಾ?"

ತಾವು ನನ್ನ ಕಡೆ ತಿರುಗಿದಿರಿ.

"ವೈನಿ, ನೀವರ ಹೇಳ್ರಿ. ನಿನ್ನೆ ನಾ ರೋಟರ್ ಹಾಕಿ ಮುಚ್ಚಿದ್ದು ನೀವು ನೋಡೀರಿ. ಟಾರ್ಚ್ ನೀವ ಹಿಡದಿದ್ರಿ."

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಅಕಿಗೇನ್ ತಿಳಿತೈತೋ ಗಾಡಿ ವಿಷಯ" ಎಂದರು.

ಮೂರು ವರ್ಷ ನನ್ನ ಮೈ ಉರಿಸಿದ್ದ ಮಾತು ಅದು. ಅಂದು ಅದೇ ಮಾತು ನನಗೆ ಬಾಗಿಲು ತೆರೆದು ಕೊಟ್ಟಿತು. ನಾನು ತಲೆ ತಗ್ಗಿಸಿ ಅದರೊಳಗೆ ನುಸುಳಿದೆ.

"ನಂಗೇನ್ ತಿಳಿತೈತ್ರಿ ಅದೆಲ್ಲಾ" ಎಂದೆ.

ತಾವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ಸೆರಗಿನ ಗಂಟು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ತಟ್ಟೆಯ ದೀಪ ಇನ್ನೂ ಉರಿಯುತ್ತಿತ್ತು. ತಾವು ಪಾನಾಗಳ ಡಬ್ಬಿಯನ್ನೂ ಎತ್ತಿಕೊಳ್ಳದೆ ಗೇಟು ದಾಟಿದಿರಿ.

ಸಂಜೆ ಮರಳಿ ಕೂರಿಸಬಹುದಿತ್ತು — ಕೂರಿಸಿದರೆ ಸಿಕ್ಕಿಬೀಳುತ್ತಿದ್ದೆ. ನಾಳೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಚಾಲೂ ಆಗದೆ ನರಳುತ್ತಿದ್ದ ಕಾರಿನ ಸದ್ದು ಕೇಳಿ ಸಹಾಯಕ್ಕೆ ಹೋದ ತಮಗೆ ಓಣಿಯ ಒಬ್ಬರು, "ಹಮಾರಾ ಗಾಡಿ ಕೋ ಹಾತ್ ನಕ್ಕೋ ಲಗಾವ್ ಮಿಯಾ" ಎಂದು ಮುಟ್ಟಗೊಡದೆ ಕಳಿಸಿದರೆಂದು ಕೇಳಿದೆ. ಭಾನುವಾರದ ರಿಪೇರಿ ಕೆಲಸಗಳು ತಮಗೆ ತಪ್ಪಿಹೋದವು. ತಾವು ಪಟಾನ್‌ಚೆರುವಿಗೆ ಮನೆ ಬದಲಿಸಿದಿರಿ. ಪ್ರತಿಯೊಂದನ್ನೂ ನಾನು ಕೇಳಿಸಿಕೊಂಡೆ. ಪ್ರತಿಯೊಂದಾದ ಮೇಲೂ ಸುಮ್ಮನಿದ್ದೆ.

ಗ್ಯಾರೇಜು ಹೇಗೂ ಎದ್ದಿತು. ರೋಟರ್ ಕೂರುವ ಹಳೆಯ ಡಿಸ್ಟ್ರಿಬ್ಯೂಟರನ್ನೇ ಕಿತ್ತು ಬೇರೊಬ್ಬ ಮೆಕ್ಯಾನಿಕ್ ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿದ, ಗಾಡಿ ಓಡುತ್ತಿದೆ. ಅದಕ್ಕೀಗ ಆ ರೋಟರಿನ ಅಗತ್ಯವೇ ಇಲ್ಲ. ಅದು ನನ್ನ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿದೆ.

ನನಗೆ ಸಿಟ್ಟು ಯಾರ ಮೇಲೆ? ಯಜಮಾನರ ಮೇಲೆ ಇದೆ, ಇಲ್ಲವೆನ್ನುವುದಿಲ್ಲ. ಸಣ್ಣಪುಟ್ಟ ತುಂಡು ಕಳೆದಾಗಲೆಲ್ಲ ಅವರು ಬೆಕ್ಕನ್ನು ಸಂಶಯಿಸುತ್ತಿದ್ದರು, ಗುಜರಿಯವನನ್ನು ಸಂಶಯಿಸುತ್ತಿದ್ದರು, ರೋಟರಿಗಾಗಿ ಜೊತೆಗೆ ಉಂಡ ಗೆಳೆಯನನ್ನು ಕಳ್ಳನೆಂದರು. ಎಂಜಿನ್ನಿನಿಂದ ಒಂದು ಮೊಳ ದೂರದಲ್ಲಿ ಮೂರು ವರ್ಷ ನಿಂತಿದ್ದ ಹೆಂಡತಿಯನ್ನು ಮಾತ್ರ ಸಂಶಯಿಸಲಿಲ್ಲ. ಕಳ್ಳಿ ಎನ್ನುವ ಯೋಗ್ಯತೆಯೂ ಅವರ ಲೆಕ್ಕದಲ್ಲಿ ನನಗಿರಲಿಲ್ಲ. ಆದರೆ ಆ ಅಂಗಳದಲ್ಲಿ ನನ್ನನ್ನು ತಿಳಿದವಳೆಂದು ಭಾವಿಸಿ, ನನ್ನ ಸಾಕ್ಷಿ ಕೇಳಿದ ಒಬ್ಬರಿದ್ದರು. ಅವರನ್ನೇ ನಾನು — ಈ ವಾಕ್ಯವನ್ನು ಮುಗಿಸಲು ನನ್ನಿಂದಾಗುತ್ತಿಲ್ಲ.

ಬರುವ ಭಾನುವಾರ, ಗಾಡಿಗೆ ಹೊಸ ಬಣ್ಣ ಬಳಿಸಿದ ಸಂತೋಷಕ್ಕೆ ನಮ್ಮ ಅಂಗಳದಲ್ಲಿ ಸಂಘದವರಿಗೆ ಉಪಾಹಾರವಿದೆ. ಆ ಪೂಜೆಯ ದಿನ ನೆರೆದಿದ್ದವರೇ ಬರುತ್ತಾರೆ. ಯಜಮಾನರು ಆ ಕಥೆಯನ್ನು ಖಂಡಿತ ಹೇಳುತ್ತಾರೆ. ತಮ್ಮ ಹೆಸರು ಬರುವಲ್ಲಿ ನಾನು ಎದ್ದು ನಿಂತು, ರೋಟರನ್ನು ಬಾನೆಟ್ಟಿನ ಮೇಲಿಟ್ಟು, ಉಳಿದ ಕಥೆಯನ್ನು ನಾನೇ ಹೇಳುತ್ತೇನೆ. ತಾವು ಬರಬೇಕೆಂದು ಕೇಳುವುದಿಲ್ಲ. ಅವರೆಲ್ಲರಿಗಿಂತ ಮೊದಲು ತಮಗೆ ತಿಳಿಯಬೇಕೆಂದು ಇದನ್ನು ಇಂದೇ ಅಂಚೆಗೆ ಹಾಕುತ್ತಿದ್ದೇನೆ.

ಕೊನೆಯದಾಗಿ, ಅಂದು ತಾವು ಎಲ್ಲರೆದುರು ಕೇಳಿದ ಪ್ರಶ್ನೆಗೆ ನನ್ನ ಉತ್ತರ:

ಹೌದು ವೈಜನಾಥ, ನೀವು ರೋಟರ್ ಹಾಕಿ ಮುಚ್ಚಿದ್ದನ್ನು ನಾನು ನೋಡಿದ್ದೇನೆ. ಟಾರ್ಚ್ ನಾನೇ ಹಿಡಿದಿದ್ದೆ.