ಅನಾಥರನ್ನೇ ಬರೆಯುತ್ತಿದ್ದ ಲೋವೆಲ್

ವಿಸ್ಕಾನ್ಸಿನ್ನಿನ ನಮ್ಮ ಈ ಸಣ್ಣ ಊರಿನಲ್ಲಿ ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯ ಬೀಗ ತೆಗೆದು ಕಾಫಿ ಇಡುವುದು ನನ್ನ ಪಾಲಿಗೆ ಬಂದ ಸೇವೆ. ಐದು ಜನ ಮೇಜಿನ ಸುತ್ತ ಕೂತು ಆಡುತ್ತಾರೆ. ದಾಳ ಉರುಳಿಸುವುದು ಸ್ವಲ್ಪ, ಮಾತೇ ಹೆಚ್ಚು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಎಲ್ಲೂ ಇಲ್ಲದ ರಾಜ್ಯಗಳಲ್ಲಿ ಅಲೆಯುತ್ತಾರೆ.

ಅವರಲ್ಲೊಬ್ಬ ಲೋವೆಲ್ ಟೆಶ್. ಐವತ್ತೆಂಟು ವರ್ಷ, ಚೀಸ್ ಕಾರ್ಖಾನೆಯ ಕೆಲಸ. ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಬೆರಳು ಬಿರಿದಿವೆ. ಮನೆಯಲ್ಲಿ ಅಕ್ಕ ಮಾರ್ಲಿಸ್. ತಾಯಿ ತೀರಿಕೊಂಡ ಮೇಲೆ ಇವನನ್ನು ಬೆಳೆಸಿದವಳು. ಒಂಬತ್ತು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಭಾಗ ಬಿದ್ದುಹೋಯಿತು. ಅವನು ಕಾರ್ಖಾನೆಯಲ್ಲಿರುವಾಗ ದಾದಿ ಬರುತ್ತಾಳೆ; ಮಿಕ್ಕಂತೆ ಎತ್ತುವುದು, ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲ ಲೋವೆಲ್‌ನೇ. ಶನಿವಾರ ಒಂದರಿಂದ ಐದರವರೆಗೆ ಪಕ್ಕದ ಮನೆಯಾಕೆ ಬಂದು ಕೂರುತ್ತಾಳೆ. ವಾರದಲ್ಲಿ ಅವನದೆಂದು ಇರುವುದು ಆ ನಾಲ್ಕು ಗಂಟೆ ಮಾತ್ರ.

ಹೊಸ ಆಟ ತೊಡಗುವ ಮೊದಲು ಎಲ್ಲರೂ ತಮ್ಮ ಪಾತ್ರದ ಹಿಂದಿನ ಬದುಕನ್ನು ಬರೆದು, ಆಟ ನಡೆಸುವ ಕರ್ಟ್ ವೆಂಡಾರ್ಫ್‌ನ ಕೈಗೆ ಕೊಡಬೇಕು. ಹಾಳೆಯ ಮೇಲಿದ್ದವರೆಲ್ಲ ಅವನ ವಶ. ತಮ್ಮನಿದ್ದಾನೆ ಎಂದು ಬರೆದರೆ ಆಟದಲ್ಲಿ ಆ ತಮ್ಮನನ್ನು ಕಳ್ಳರು ಹೊತ್ತೊಯ್ಯುತ್ತಾರೆ. ಹೆಂಡತಿಯನ್ನು ಬರೆದರೆ ಮಾಟಗಾತಿ ಅವಳನ್ನು ಕಲ್ಲು ಮಾಡುತ್ತಾಳೆ. ಅದಕ್ಕೇ ಪಳಗಿದ ಆಟಗಾರರು ಮೊದಲ ಸಾಲಿನಲ್ಲೇ ಊರು ಸುಟ್ಟು ಬಂಧುಬಳಗವನ್ನೆಲ್ಲ ಮುಗಿಸಿಬಿಡುತ್ತಾರೆ. ಲೋವೆಲ್ ಈವರೆಗೆ ಹನ್ನೊಂದು ಪಾತ್ರ ಬರೆದಿದ್ದ. ಹನ್ನೊಂದೂ ಅನಾಥ.

ಈ ವಸಂತದಲ್ಲಿ ಹನ್ನೆರಡನೆಯದನ್ನು ಕರ್ಟ್ ವಾಪಸು ಕೊಟ್ಟ.

"ಮತ್ತೆ ಊರು ಸುಟ್ಯಾ? ನೀನು ಸುಟ್ಟ ಊರುಗಳ ಹೊಗೆಗೆ ನಂಗೆ ಕೆಮ್ಮು ಹತ್ತಿದೆ, ಮಾರಾಯ."

"ಯಾರೂ ಇಲ್ದಿದ್ರೆ ಆರಾಮಾಗಿರ್ತಾನೆ ಬಿಡು."

"ಆರಾಮಾಗಿರೋನ ಕಥೆ ನಾನೇನಂತ ನಡೆಸ್ಲಿ? ಬದುಕಿರೋ ಒಬ್ರನ್ನಾದ್ರೂ ಬರ್ಕೊಂಡು ಬಾ. ಇಲ್ಲಾಂದ್ರೆ ಈ ಸಲ ನಿನ್ನ ಕುರ್ಚಿ ಬೇರೆಯವ್ರಿಗೆ. ಇಬ್ರು ಕಾಯ್ತಿದಾರೆ."

ಎಲ್ಲರೂ ಹೋದ ಮೇಲೆ ಲೋವೆಲ್ ನಾನಿದ್ದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ವರ್ನಾ, ಒಂದು ಹೆಸರು ಬರೆದ್ರೂ ಅದು ನನ್ನ ಕರೆಯತ್ತೆ. ಬಾ, ಎತ್ತು, ನೀರು ಕೊಡು ಅನ್ನತ್ತೆ. ಇಲ್ಲೂ ಅದೇನಾ?"

"ಅಷ್ಟು ದಣಿದಿದ್ಯಾ?"

"ಕೂತ್ರೆ ಏಳಕ್ಕಾಗಲ್ಲ. ಏಳ್ದೇ ಇದ್ರೆ ಅವಳಿಗಾಗಲ್ಲ."

ಉಳಿದಿದ್ದ ರೈ ಬ್ರೆಡ್ಡು ಕಟ್ಟಿಕೊಟ್ಟೆ. ಲೋಟ ತೊಳೆಯುತ್ತ ಅವನ ಹೆಸರನ್ನು ದೇವರ ಮುಂದಿಟ್ಟೆ.

ಮುಂದಿನ ಶನಿವಾರ ಅವನು ಅರ್ಧ ಹಾಳೆ ತಂದ. ಕರ್ಟ್ ಗಟ್ಟಿಯಾಗಿ ಓದಿದ: "ಇವನಿಗೊಬ್ಬ ಅಕ್ಕ ಇದ್ದಾಳೆ. ಬೆಟ್ಟದ ಬುಡದಲ್ಲಿ ಛತ್ರ ನಡೆಸುತ್ತಾಳೆ. ಎರಡು ಕೈಯಲ್ಲಿ ಎರಡು ಕೊಡ ನೀರು ತರುತ್ತಾಳೆ. ಇವನ ದಾರಿ ಕಾಯುವುದಿಲ್ಲ."

"ಇಷ್ಟೇನಾ?"

"ಇಷ್ಟೇ."

"ಕಳ್ಳರು ಹೊತ್ಕೊಂಡು ಹೋದ್ರೆ?"

"ಪಾಪ, ಕಳ್ಳರ ಗತಿ."

ಮೇಜಿನ ಸುತ್ತ ನಗು ಎದ್ದಿತು. ಕರ್ಟ್ ನಗಲಿಲ್ಲ. ಊರು ಚಿಕ್ಕದು, ಮಾರ್ಲಿಸ್‌ಳ ಸಂಗತಿ ಅವನಿಗೂ ಗೊತ್ತಿತ್ತು. ಎರಡು ಕೊಡದ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡ.

ಆಟ ಶುರುವಾಯಿತು. ಮೂರು ಗಂಟೆ ಹಿಮದಲ್ಲಿ ಅಲೆದು ವೀರರೆಲ್ಲ ಆ ಛತ್ರದ ಬಾಗಿಲಿಗೆ ಬಂದರು. ಒಳಗೆ ಹೆಣವೋ ಬೂದಿಯೋ ಕಾದಿರುತ್ತದೆಂದು ಒಬ್ಬ ಆಗಲೇ ದಾಳ ಕೈಗೆತ್ತಿಕೊಂಡಿದ್ದ. ಕರ್ಟ್ ಅಕ್ಕನ ದನಿಯಲ್ಲಿ ಮಾತಾಡಿದ.

"ಬೂಟು ಅಲ್ಲೇ ಬಿಚ್ಚೋ, ನೆಲ ಈಗಷ್ಟೇ ಒರೆಸಿದೀನಿ. ಸೂಪು ಬಿಸಿಯಾಗಿದೆ."

"ನಾನೇನಾದ್ರೂ ಮಾಡ್ಲಾ?" ಲೋವೆಲ್ ಕೇಳಿದ. ಆಡುವ ದನಿಯಲ್ಲ, ಮನೆಯ ದನಿ.

"ನೀನಾ? ಒಂದು ಕೆಲಸಾನೂ ನೆಟ್ಟಗೆ ಬರಲ್ಲ ನಿಂಗೆ. ಸುಮ್ನೆ ಕೂತ್ಕೋ."

ಲೋವೆಲ್ ಸುಮ್ಮನೆ ಕೂತ. ನಿನ್ನ ಸರದಿ ಎಂದು ಯಾರೂ ಕರೆಯಲಿಲ್ಲ. ನಾನು ಕಾಫಿ ಬಗ್ಗಿಸಿದ್ದೂ ಅವನಿಗೆ ತಿಳಿಯಲಿಲ್ಲ.

ಐದಕ್ಕೆ ಕಾಲು ಗಂಟೆ ಇರುವಾಗ ಎಂದಿನಂತೆ ಎದ್ದು ಕೋಟು ಹಾಕಿಕೊಂಡ.

"ಮುಂದಿನ ವಾರ ಅಲ್ಲಿಂದ ಹೊರಡೋದು ತಾನೇ?" ಒಬ್ಬ ಕೇಳಿದ.

"ಹಿಮ ನಿಲ್ಲೋವರೆಗೂ ಹೊರಡಕ್ಕಾಗಲ್ಲ," ಎಂದ ಕರ್ಟ್. "ಯಾವಾಗ ನಿಲ್ಲತ್ತೆ ಅಂತ ಲೋವೆಲ್ ಹೇಳ್ಲಿ."

ಲೋವೆಲ್ ಗುಂಡಿ ಹಾಕಿಕೊಂಡು ಅಕ್ಕನನ್ನು ಎತ್ತಿ ಕೂರಿಸಲು ಹೊರಟ.